ಬಾತುಗಳನ್ನು ಹೆದರಿಸಿದ ಸೀರೆ

ಬೀಳಗಿ ಹಿನ್ನೀರಿನ ದಂಡೆ, ಶನಿವಾರ

ವೈನಿ,

ನೀವು ನೇಯ್ದ ಗುಲಾಬಿ ಸೀರೆಗೆ ಮಂಗೋಲಿಯಾದಿಂದ ಬಂದ ಬಾತುಗಳೇ ಹೆದರಿ ಓಡಿದವು! ಊರವರೊಂದಿಗೆ ಸೇರಿ ಶಾಲೆ ಮಕ್ಕಳಿಗೆ ವಲಸೆ ಹಕ್ಕಿ ತೋರಿಸುವ ನಮ್ಮ ಕೆಲಸ ಇವತ್ತು ಶುರುವಾಗುವುದಿತ್ತು. ನಿನ್ನೆ ನೋಡಿದರೆ ದಂಡೆಯಲ್ಲಿ ಒಂದು ಹಕ್ಕಿಯೂ ಇಲ್ಲ. ನಾನು ಉಳಿದುಕೊಂಡಿರುವ ಮನೆಯ ಹೊಳೆವ್ವ, ನೀವು ಆಕೆಗೆ ಉಡಲೆಂದು ಕಳಿಸಿದ ಸೀರೆಯನ್ನು ದಂಡೆಗೆ ಹತ್ತಿಕೊಂಡಿರುವ ತನ್ನ ಕಡಲೆ ಹೊಲದಲ್ಲಿ ಗಳಕ್ಕೆ ಕಟ್ಟಿ ಹಾರಾಡಿಸಿದ್ದಳು.

ನಾನು ಬಿಡುವವಳೇ? “ಬಾತುಗಳು ನಮ್ಮ ಅತಿಥಿಗಳು,” ಎಂದು ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಹೇಳಿದೆ.

“ಅತಿಥಿ ಒಂದ ಹೊತ್ತು ಉಂಡು ಹೋಗತಾರವ್ವ. ಇವು ಹೊಲಾನ ಉಣ್ಣತಾವು. ಸೀರಿ ಬಿಚ್ಚತೀನಿ, ನೀನ ಬಂದು ಕಾಯಿ,” ಎಂದಳು.

ಒಪ್ಪಿದೆ. ಈಗ ದಂಡೆಯಲ್ಲಿ ಬಾತು ತೋರಿಸುವವಳೂ ನಾನೇ, ಹೊಲಕ್ಕೆ ಬಂದರೆ ಓಡಿಸುವವಳೂ ನಾನೇ. ಕೂಗಿ ಕೂಗಿ ಗಂಟಲು ಕಟ್ಟಿದೆ. ಉಳಿದಂತೆ ಆರಾಮಿದ್ದೇನೆ ಎಂದು ಅವ್ವನಿಗೆ ಹೇಳಿ.

ಇವತ್ತು ಮುಂಜಾನೆ ಮಕ್ಕಳು ಬರುವ ಹೊತ್ತಿಗೆ ನೀರಿನಂಚಿನ ತುಂಬ ಬಾತುಗಳು ಇಳಿದಿದ್ದವು. ದುರ್ಬೀನನ್ನು ಎಲ್ಲರಿಗಿಂತ ಮೊದಲು ಕಸಿದುಕೊಂಡವಳು ಹೊಳೆವ್ವ. ಬಹಳ ಹೊತ್ತು ಯಾರಿಗೂ ಕೊಡಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: “ಕಳ್ಳರು ಛಂದ ಅದಾರ ನೋಡ.”

ಕಾರ್ಡು ತುಂಬಿತು.
ನಿಮ್ಮ ನೀಲಾ