ಕೇಳಿದ್ದಕ್ಕೇ ಹುಟ್ಟಿದ ಹೆಸರು

೧೪ ನವೆಂಬರ್ ೧೯೯೮, ಶನಿವಾರ. ಅಫಜಲಪುರ.

ರಕ್ತದಾನಿಗಳ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗಿದೆ ಎಂದು ನರ್ಸ್ ಮಾಣಿಕಮ್ಮ ಬೆಳಿಗ್ಗೆಯೇ ಹೇಳಿದರು. ತೀರಿಕೊಂಡ ನನ್ನ ಹೆಂಡತಿಯ ಹೆಸರು.

"ಸರ, ಅಕ್ಕೋರ ಹೆಸ್ರು ದೀಪಾವಳಿಕಿಂತ ಮೊದ್ಲೇ ನಾನ ಕೈಯಾರೆ ತಗದೀನ್ರಿ. ಮತ್ತ ಹೆಂಗ ಬಂತ್ರಿ? ಮುಂದ ರಕ್ತದ ಗುಂಪೂ ಇಲ್ಲ, ಖಾಲಿ ಐತಿ."

ಮಧ್ಯಾಹ್ನವೆಲ್ಲ ಹುಡುಕಿದೆ. ತಪ್ಪು ನನ್ನದೇ. ಪಟ್ಟಿ ಇರುವುದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಬರೆದ ಪೆಟ್ಟಿಗೆಯೊಳಗೆ. ನರ್ಸ್‌ಗಳು ಸುಲಭವಾಗಿ ಕೇಳಲೆಂದು ನಾನು ಅದಕ್ಕೆ ಪೈಥಾನ್ ಎಂಬ ಇನ್ನೊಂದು ಭಾಷೆಯಿಂದ ಬಾಗಿಲು ಕೂರಿಸುತ್ತಿದ್ದೇನೆ. ಇಲ್ಲದ ಹೆಸರು ಕೇಳಿದರೆ ಪೈಥಾನ್‌ನದೇ ಪಟ್ಟಿ ಇಲ್ಲವೆಂದು ಜಗಳಕ್ಕೇ ಬರುತ್ತದೆ. ಈ ಪೆಟ್ಟಿಗೆ ಹಾಗಲ್ಲ. ಇಲ್ಲದವರನ್ನು ಹೆಸರು ಹಿಡಿದು ಕೇಳಿದರೆ, ಆ ಹೆಸರಿಗೊಂದು ಖಾಲಿ ಜಾಗ ಮಾಡಿಟ್ಟುಬಿಡುತ್ತದೆ. ಅದನ್ನು ಮರೆತು ಪ್ರಶ್ನೆಯನ್ನು ನೇರ ಒಳಗೆ ಬಿಟ್ಟಿದ್ದೆ.

ಪರೀಕ್ಷೆಗೆಂದು ನಾನು ದಿನಾ ಒತ್ತುತ್ತಿದ್ದದ್ದು ಅವಳ ಹೆಸರನ್ನೇ, ಕಸ್ತೂರಿಬಾಯಿ ಎಂದು. ಬೇರೆ ಹೆಸರು ಬೆರಳಿಗೆ ಬರುವುದಿಲ್ಲ.

"ನಾನ ದಿನಾ ಕೇಳಾಕತ್ತಿದ್ದೆ, ಅದಕ್ಕ ಬಂದೈತಿ," ಎಂದೆ.

ಮಾಣಿಕಮ್ಮ ನನ್ನ ಮುಖ ನೋಡಲಿಲ್ಲ. "ಇರ್ಲಿ ಬಿಡ್ರಿ ಸರ. ಒಂದ ಹೆಸ್ರು."

ಹೇಗೆ ಬಿಡಲಿ? ಘತ್ತರಗಿಯಂಥ ಹಳ್ಳಿಯಿಂದ ಯಾರೋ ರಕ್ತ ಬೇಕೆಂದು ಓಡಿ ಬಂದಾಗ ಪಟ್ಟಿ ಸತ್ತವಳನ್ನು ತೋರಿಸಬಾರದು. ಹೆಸರು ಇದೆಯೋ ಇಲ್ಲವೋ ಮೊದಲು ನೋಡಿ, ಆಮೇಲೆ ಒಳಗೆ ಕೇಳುವಂತೆ ಬದಲಿಸಿದೆ. ಅವಳ ಹೆಸರು ತೆಗೆದೆ. ಮತ್ತೆ ಒತ್ತಿದೆ.

ಇಲ್ಲ ಎಂದಿತು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ.

ಕೇಳಿದರೆ ಅವಳಿಗೊಂದು ಜಾಗ ಮಾಡಿಕೊಡುತ್ತಿದ್ದದ್ದು ಆ ಪೆಟ್ಟಿಗೆಯೊಂದೇ. ಅದನ್ನೂ ಇವತ್ತು ನಾನೇ ಸರಿಮಾಡಿ ಬಂದೆ.