ಸಂಗಣ್ಣನ ಕುರ್ಚಿ ಅಲ್ಲೇ ಇರಲಿ

ಶಿವಗಂಗಾ,

ನಾ ಜವಳಗೇರಾ ಊರಿಗೆ ಭತ್ತದ ನಾಟಿ ನೋಡಾಕ ಹೊಂಟೀನಿ, ಸಂಜಿ ಬಸ್ಸಿಗೆ ಬರ್ತೀನಿ. ರೊಟ್ಟಿ ಡಬ್ಬ್ಯಾಗ ಅದಾವ. ಪುಂಡಿಪಲ್ಲೆ ಬಿಸಿ ಮಾಡ್ಕೋ. ನಿನ್ನೆ ಓದ್ಕೋಂತ ಕುಂತು ಹಾಲು ಉಕ್ಕಿಸಿದಿ, ಇವತ್ತರ ಒಲಿ ಕಡೆ ಲಕ್ಷ್ಯ ಇರಲಿ.

ನಾಳೆ ನಿನ್ನ ಇಂಗ್ಲಿಷ್ ಮಾತಿನ ಪರೀಕ್ಷೆ. ಎದುರು ಕುಂತವ್ರು ಕೇಳ್ತಾರ, ನೀ ಹೇಳಬೇಕು. ಅದಕ್ಕಂತ ನಿಮ್ಮಣ್ಣ ಸಂಗಣ್ಣ ದಿನಾ ಕುರ್ಚಿ ಹಾಕ್ಕೊಂಡು ಕುಂತು ಪ್ರಶ್ನೆ ಕೇಳ್ತಿದ್ದ. ಅವ ಕಾಲುವ್ಯಾಗ ಮುಳುಗಿ ಹೋದ ಮ್ಯಾಲೂ ನೀ ಆ ಖಾಲಿ ಕುರ್ಚಿ ಎದುರಿಗೇ ಕುಂದ್ರತಿ. ಇಷ್ಟು ದಿನ ನಾ ಏನೂ ಅಂದಿಲ್ಲ.

ನಿನ್ನೆ ದೀಪ ಹಚ್ಚಾಕ ಬಂದಾಕಿ ಬಾಗಿಲಾಗ ನಿಂತೆ. ನೀ ಹೇಳ್ತಿದ್ದಿ, ಸುಮ್ಮನಾಗ್ತಿದ್ದಿ, ಮತ್ತ ಹೇಳ್ತಿದ್ದಿ. ಒಮ್ಮೆ "ಸಾರಿ, ಒನ್ಸ್ ಮೋರ್ ಪ್ಲೀಸ್" ಅಂದಿ. ಆಮ್ಯಾಲೆ ನಕ್ಕಿ. ಅವ ಚಾಷ್ಟಿ ಮಾಡಿದಾಗ ನಗ್ತಿದ್ಯಲ್ಲ, ಹಂಗ. ಒಳಗ ಬರಾಕ ಧೈರ್ಯ ಆಗಲಿಲ್ಲ.

ಮುಂಜಾನೆ ಕಸ ಹೊಡಿಯುವಾಗ ಕುರ್ಚಿ ಸರಸಿಲ್ಲ, ಸುತ್ತಲೂ ಹೊಡದೀನಿ.

ಇವತ್ತು ಅವ ಕೇಳೋದೆಲ್ಲಾ ಮುಗಿದ ಮ್ಯಾಲೆ ನನ್ನದೂ ಒಂದು ಪ್ರಶ್ನೆ ಕೇಳು. ಇಂಗ್ಲಿಷಿನ್ಯಾಗ ಹೆಂಗಂತಾರೋ ನನಗ ಗೊತ್ತಿಲ್ಲ.

ಉಂಡಿಯೇನಪಾ, ಅಂತ.

ಅವ್ವ