ವಾಸ್ಕೋ ಡ ಗಾಮನ ಕತ್ತಿಗೆ ನಿಂಬೆಹಣ್ಣು ಚುಚ್ಚಿದವರು ನಾವು

ಕಂಟೋನ್ಮೆಂಟಿನ ಪುರಾತನ ವಸ್ತು ಪ್ರದರ್ಶನಾಲಯದ ಮಾನ್ಯ ನಿರ್ದೇಶಕರೇ,

ತಮ್ಮ ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ, ‘ವಾಸ್ಕೋ ಡ ಗಾಮನದೆಂದು ನಂಬಲಾದ ಖಡ್ಗ’ ಎಂಬ ಹೆಸರಿನಲ್ಲಿ ಸುಖವಾಗಿ ಮಲಗಿರುವುದು ನನ್ನ ತಂಗಿ ಪಿಳ್ಳಮ್ಮನ ಮನೆಯ ಕರಗದ ಕತ್ತಿ. ದಯವಿಟ್ಟು ಅದನ್ನು ಎಬ್ಬಿಸಿ ಬಾಣಸವಾಡಿಗೆ ಕಳಿಸಿಕೊಡಿ. ಕರಗ ಹತ್ತಿರ ಬಂತು.

ತಾವು ದೊಡ್ಡವರು, ಮರೆತಿರಬಹುದು. ಹೋದ ದಸರೆಯಲ್ಲಿ ತಾವೇ ಕಾರಿನಲ್ಲಿ ಬಂದು, ಆಯುಧಪೂಜೆಗೆ ಇಟ್ಟಿದ್ದ ಕತ್ತಿಯನ್ನು ಕಂಡು, ‘ಹದಿನೈದು ದಿನದ ಪ್ರದರ್ಶನಕ್ಕೆ ಕೊಡೀಮ್ಮ, ನಮ್ಮ ನೆಲದ ಪರಂಪರೆ’ ಎಂದು ಕೈಮುಗಿದು ಒಯ್ದಿರಿ. ನನ್ನ ತಂಗಿ ಕತ್ತಿಯ ಜೊತೆ ಒಂದು ಡಬ್ಬಿ ಚಕ್ಕುಲಿಯನ್ನೂ ಕೊಟ್ಟಳು. ಡಬ್ಬಿ ವಾಪಸ್ ಬಂತು.

ತಮ್ಮ ಲೇಬಲ್ಲನ್ನು ಓದಿದೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವನು ನಾನು. ಆದರೂ ನನ್ನ ಪ್ರಶ್ನೆಗಳಿಗೆ ಮೇಷ್ಟರೇ ಹೆದರುತ್ತಿದ್ದರು. ತುದಿಯಲ್ಲಿರುವ ಕಲೆ ‘ಸಮುದ್ರದ ಉಪ್ಪುನೀರಿನ ಸವೆತ’ ಅಂತೆ. ಸ್ವಾಮಿ, ಅದು ನಿಂಬೆಹುಳಿ! ಕರಗದ ಮುಂದೆ ಕತ್ತಿ ಹಿರಿದು ನಡೆಯುವ ವೀರಕುಮಾರರು ತುದಿಗೆ ನಿಂಬೆಹಣ್ಣು ಚುಚ್ಚಿಕೊಂಡಿರುತ್ತಾರೆ. ಗಾಮನೂ ಹಡಗಿನ ಮೇಲೆ ವೀರಕುಮಾರನಾಗಿ ಕುಣಿಯುತ್ತಿದ್ದನೇ? ಇನ್ನು ಹಿಡಿ ‘ಲಿಸ್ಬನ್ ನಗರದ ಕುಸುರಿ’ ಅಂತೆ. ಹಳೆಯ ಹಿಡಿ ಸಡಿಲವಾದಾಗ ಇದನ್ನು ಕೂರಿಸಿಕೊಟ್ಟವರು ಶಿವಾಜಿನಗರದ ಹಿತ್ತಾಳೆ ಕೆಲಸದ ಜಾಫರ್ ಸಾಬರು. ಅವರನ್ನೂ ಕರೆತಂದು ತೋರಿಸಿದೆ. ಗಾಜಿಗೆ ಮೂಗು ಒತ್ತಿ ನೋಡಿ, ‘ಅರೆ ಮುನಿಅಣ್ಣ, ನಮ್ ಗಲ್ಲಿಗೆ ಲಿಸ್ಬನ್ ಅಂತ ಯಾವಾಗ ಹೆಸರಿಟ್ರು? ಬೋರ್ಡೇ ಹಾಕಿಲ್ವಲ್ಲ!’ ಎಂದರು. ತಮ್ಮ ಕಾವಲುಗಾರ ಇಬ್ಬರನ್ನೂ ಗದರಿಸಿದ.

ಇಷ್ಟಕ್ಕೂ ಗಾಮನ ಹೆಸರು ಬಂದದ್ದೆಲ್ಲಿಂದ? ಲೇಬಲ್ಲಿನ ಕೊನೆಯ ಸಾಲು ನೋಡಿ: ‘ಆಧಾರ: ಸ್ಥಳೀಯ ಮೌಖಿಕ ಪರಂಪರೆ.’ ಆ ಪರಂಪರೆ ಬೇರೆ ಯಾರೂ ಅಲ್ಲ, ನಾನೇ. ಅಂದು ಕಾಫಿ ಕುಡಿಯುತ್ತಾ ತಾವು, ‘ಇದು ಎಷ್ಟು ಹಳೇದು ಯಜಮಾನ್ರೇ?’ ಎಂದಿರಿ. ಮನೆಗೆ ಬಂದ ದೊಡ್ಡ ಮನುಷ್ಯರನ್ನು ಬರಿಗೈಲಿ ಕಳಿಸುವುದುಂಟೇ? ‘ವಾಸ್ಕೋ ಡ ಗಾಮ ಕಲ್ಲಿಕೋಟೆ ಸೆಕೆ ತಡೀಲಾರ್ದೆ ಹಲಸೂರು ಕೆರೆ ಗಾಳಿ ತಗೊಳ್ಳೋಕೆ ಬಂದಿದ್ದ ಸಾರ್. ನಮ್ ಮುತ್ತಾತನ ಹತ್ರ ಕುಸ್ತೀಲಿ ಸೋತು ಕತ್ತಿ ಬಿಟ್ಟೋದ’ ಎಂದೆ. ನಮ್ಮ ಬೀದಿಯಲ್ಲಿ ನನ್ನ ಇಂಥ ಮಾತಿಗೆ ನಾಯಿಯೂ ಕಿವಿ ನಿಮಿರಿಸುವುದಿಲ್ಲ. ತಾವು ಬರೆದುಕೊಂಡಿರಿ! ಐನೂರು ವರ್ಷದ ಹಿಂದಿನವನಿಗೆ ನಮ್ಮ ಮುತ್ತಾತ ಸಿಕ್ಕಿದ್ದು ಹೇಗೆಂದೂ ಕೇಳಲಿಲ್ಲ. ಆಮೇಲೆ ಕುಸ್ತಿಯ ಸಂಗತಿಯನ್ನು ಮಾತ್ರ ಲೇಬಲ್ಲಿನಿಂದ ಕೈಬಿಟ್ಟಿರಿ. ಮುತ್ತಾತನಿಗೆ ಎಂಥ ಅನ್ಯಾಯ!

ಈಗ ಕತ್ತಿ ಕೇಳಲು ಹೋದರೆ ತಮ್ಮ ಕಚೇರಿಯವರು, ‘ನಿಮ್ದೇ ಅನ್ನೋಕೆ ದಾಖಲೆ ಏನಿದೆ ರೀ?’ ಎನ್ನುತ್ತಾರೆ. ನಾನು ಸುಳ್ಳು ಹೇಳಿದಾಗ ಒಂದು ಚೀಟಿಯನ್ನೂ ಕೇಳದವರು, ನಿಜ ಹೇಳಿದಾಗ ದಾಖಲೆ ಕೇಳುತ್ತೀರಲ್ಲ, ಇದು ಯಾವ ಸೀಮೆಯ ಸಂಶೋಧನೆ?

ನಗುವ ವಿಷಯವಲ್ಲ ಸ್ವಾಮಿ. ಹೋದ ವರ್ಷ ಪಿಳ್ಳಮ್ಮನ ಗಂಡ ತೀರಿಕೊಂಡರು. ಈ ಸಲ ಅವರ ಜಾಗದಲ್ಲಿ ವೀರಕುಮಾರನಾಗಿ ನಿಲ್ಲಬೇಕಾದವನು ಮಗ ಕೆಂಪರಾಜ್. ಅಪ್ಪ ಹಿಡಿದ ಕತ್ತಿಯನ್ನೇ ಮಗ ಹಿಡಿಯಬೇಕೆಂಬುದು ಆ ಮನೆಯ ಕಟ್ಟಳೆ. ಅಂಗಡಿಯಿಂದ ತಂದ ಕತ್ತಿ ನಡೆಯದು. ‘ಮಾವ, ನಿಮ್ ಬಾಯಿ ಸುಮ್ನಿದ್ದಿದ್ರೆ ನಮ್ಮಪ್ಪನ ಕತ್ತಿ ಮನೇಲಿರ್ತಿತ್ತು’ ಎಂದ ಅವನು. ಪಿಳ್ಳಮ್ಮ ದೇವರ ಮನೆಗೆ ಹೋಗಿ, ಕತ್ತಿ ಇರುತ್ತಿದ್ದ ಖಾಲಿ ಜಾಗಕ್ಕೆ ಕುಂಕುಮವಿಟ್ಟು ಬಂದಳು. ಅಂದು ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಆ ಮನೆಯ ಹೊಸಿಲು ತುಳಿದಿಲ್ಲ.

ಕರಗದ ಧ್ವಜ ಏರುವ ಮೊದಲು ಕತ್ತಿ ಆ ಜಾಗಕ್ಕೆ ಬರಬೇಕು. ಮಖಮಲ್ಲು, ಲೇಬಲ್ಲು ತಾವೇ ಇಟ್ಟುಕೊಳ್ಳಿ. ಖಾಲಿ ಪೆಟ್ಟಿಗೆ ನೋಡಲು ಬೇಜಾರಾದರೆ ಹೇಳಿಕಳಿಸಿ. ನನ್ನ ಹತ್ತಿರ ಎಳನೀರು ಕೊಚ್ಚುವ ಮಚ್ಚೊಂದಿದೆ. ಅದು ಯಾವ ಮಹಾಪುರುಷನದಾಗಬೇಕೋ ತಿಳಿಸಿ, ಆಧಾರ ನಾನು ಒದಗಿಸುತ್ತೇನೆ.

ಇಂತಿ,
ತಮ್ಮ ಲೇಬಲ್ಲಿನ ಕೊನೆಯ ಸಾಲು,
ತಂಗಿಯ ಮನೆಗೆ ಸದ್ಯಕ್ಕೆ ಹೋಗಲಾರದ
ಬಾಣಸವಾಡಿ ಮುನಿಆಂಜನಪ್ಪ